ಭಾಲ್ಕಿಯ ಹಳೆ ಬೆರೆಟಾ: ಕೊಳ್ಳುವ ಮುಂಚೆ ಓದಿ

ಎಲ್ಲರಿಗೂ ಶರಣು.

ಭಾಲ್ಕಿಯ ಕಾಕಾ ಒಬ್ಬರು ತಮ್ಮ ಬೆರೆಟಾ 1935 ಪಿಸ್ತೂಲು ಮಾರುತ್ತಾರೆಂದು ನಿನ್ನೆ ಹಾಕಿದ್ದೆ. ಆರೇಳು ಜನ ಫೋನ್ ಮಾಡಿದ್ದೀರಿ. ಎರಡನೇ ಮಹಾಯುದ್ಧದಲ್ಲಿ ಇಟಲಿ ಸೈನ್ಯ ಬಳಸಿದ ಮಾದರಿ ಇದು. .32 ಬೋರ್, ಅಂದರೆ ನಳಿಗೆಯ ಒಳ ಅಳತೆ. 9 ಎಂಎಂ ಆಗಿದ್ದರೆ ನಾನು ಇಲ್ಲಿ ಹಾಕುತ್ತಲೇ ಇರಲಿಲ್ಲ, ಅದು ಸಾಮಾನ್ಯ ಜನರಿಗೆ ನಿಷೇಧಿತ ಬೋರ್ ಅಲ್ವಾ.

ಲೈಸೆನ್ಸ್ ಇಲ್ಲದವರು ದಯವಿಟ್ಟು ನೋಡಲು ಕೂಡ ಹೋಗಬೇಡಿ. ಇದ್ದವರಿಗೂ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಎರಡೇ ಬಂದೂಕು ಇಟ್ಟುಕೊಳ್ಳಲು ಅವಕಾಶ, ಪಿಸ್ತೂಲೂ ಸೇರಿ. ಮಾರುವವರು ಲೈಸೆನ್ಸ್ ಅಧಿಕಾರಿಗೂ ಹತ್ತಿರದ ಠಾಣೆಗೂ ಬರೆದುಕೊಟ್ಟು 45 ದಿನ ಕಾಯಬೇಕು. ಅಲ್ಲಿಯವರೆಗೆ ಪಿಸ್ತೂಲು ಕಾಕಾ ಅವರ ಮನೆಯಲ್ಲೇ ಇರುತ್ತದೆ.

ಈಗ ನನಗೆ ಜಾಸ್ತಿ ಚಿಂತೆ ಇರುವ ಮಾತು. ಮೇಲಿನ ಹೊಳಪು ನೋಡಿ ಮರುಳಾಗಬೇಡಿ. ಬ್ಯಾರಲ್ (ನಳಿಗೆ) ಒಳಗೆ ಬೆಳಕು ಬಿಟ್ಟು ನೋಡಿ, ತುಕ್ಕು ತಿಂದ ಗುಳಿ ಇದೆಯಾ ಅಂತ. ಸ್ಪ್ರಿಂಗ್‌ಗಳನ್ನು ಲೈಸೆನ್ಸ್ ಇರುವ ಗನ್ ಮಿಸ್ತ್ರಿಯ ಕೈಯಲ್ಲಿ ಬದಲಾಯಿಸಿ. ಮ್ಯಾಗಜಿನ್‌ಗೆ (ಗುಂಡು ತುಂಬುವ ಡಬ್ಬಿಗೆ) ಎಂಟು ಗುಂಡು ಹಿಡಿಯುತ್ತದೆ, ಆದರೆ ಮೊದಲ ದಿನ ಒಂದೇ ಹಾಕಿ. ಸರಿ ಬಂದರೆ ಎರಡು. ನನ್ನ ಹಳೆ ಪಿಸ್ತೂಲಿನಲ್ಲಿ ಒಳಗಿನ ಕೊಂಡಿ ಸವೆದು, ಒಮ್ಮೆ ಟ್ರಿಗರ್ ಒತ್ತಿದರೆ ಎರಡು ಗುಂಡು ಹೊರಟವು. ಆ ನಡುಕ ಇನ್ನೂ ನೆನಪಿದೆ.

ಈ ಮಾದರಿ ಕೆಳಗೆ ಬಿದ್ದರೂ ಸಿಡಿಯಬಹುದು. ಹೊಡೆಯದೇ ಇರುವಾಗ ಚೇಂಬರ್, ಅಂದರೆ ನಳಿಗೆಯಲ್ಲಿ ಗುಂಡು ಕೂರುವ ಜಾಗ, ಯಾವಾಗಲೂ ಖಾಲಿ ಇಡಿ. ಹೊಡೆಯುವುದು ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ ಮಾತ್ರ, ಹೊಲದಲ್ಲಿ ಅಲ್ಲ. ಮದುವೆ, ಜಾತ್ರೆಯಲ್ಲಿ ಹಾರಿಸಿದರೆ ಎರಡು ವರ್ಷದವರೆಗೆ ಜೈಲು.

ನಿಜಕ್ಕೂ ಬೇಕಿದ್ದವರು ಲೈಸೆನ್ಸಿನ ಪ್ರತಿ ಇಟ್ಟುಕೊಂಡು ನನಗೇ ಫೋನ್ ಮಾಡಿ. ಕಾಕಾ ಅವರ ನಂಬರ್ ಇಲ್ಲಿ ಹಾಕುವುದಿಲ್ಲ.