ಹಗೇವಿನ ಚಪ್ಪಡಿ ಎತ್ತಬೇಡ, ಮಗಳೇ

ಬೆಂಗಳೂರು
ಗುರುವಾರ ರಾತ್ರಿ

ಪುಟ್ಟಿ,

ಊರ ಮನೆಯ ಹಗೇವನ್ನು, ಅದೇ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿಯನ್ನು, ತೆರೆದು ಮಕ್ಕಳಿಗೆ ತೋರಿಸುತ್ತೇನೆ ಎಂದು ನೀನು ಅಂದದ್ದಕ್ಕೆ ನಿನ್ನೆ ಫೋನಿನಲ್ಲಿ ನಾನು ಕೂಗಾಡಬಾರದಿತ್ತು. "ನಿನಗೇನು ಗೊತ್ತು" ಅಂದದ್ದಂತೂ ದೊಡ್ಡ ತಪ್ಪು. ಗೊತ್ತಿಲ್ಲದಿದ್ದರೆ ಅದು ಹೇಳಿಕೊಡದೆ ಇದ್ದ ನನ್ನ ಕೊರತೆ. ನೀನು ಫೋನಿಟ್ಟ ಮೇಲೆ ನಿಮ್ಮಮ್ಮ ನನಗೆ ಏನಂದಳೆಂದು ಬರೆಯುವುದಿಲ್ಲ, ಊಹಿಸಿಕೋ. ಬಾಯಿ ತೆಗೆದರೆ ನನಗೆ ಸಿಟ್ಟು ಮುಂದೆ ಬರುತ್ತದೆ, ವಿಷಯ ಹಿಂದೆ ಬೀಳುತ್ತದೆ. ಅದಕ್ಕೇ ಈ ಕಾಗದ.

ಭಾನುವಾರ ಮಕ್ಕಳನ್ನು ರಾಮನಗರದ ಜಾನಪದ ಲೋಕದ ಮ್ಯೂಸಿಯಂಗೆ ಧಾರಾಳವಾಗಿ ಕರೆದುಕೊಂಡು ಹೋಗು. ಅಲ್ಲಿಂದ ಊರಿಗೂ ಹೋಗಿ ಬಾ. ಮನೆ ಮುಂದಿನ ಹಗೇವಿನ ಚಪ್ಪಡಿಯನ್ನು ಮಾತ್ರ ಎತ್ತಬೇಡ. ಅಳಿಯಂದಿರೂ ಅವರ ತಮ್ಮನೂ ಕೈಹಾಕಿದರೆ ಅದು ಏಳುತ್ತದೆ, ಗೊತ್ತು. ನನ್ನ ಭಯ ಎದ್ದ ಮೇಲಿನದು.

"ಖಾಲಿ ಗುಂಡಿ ತಾನೆ ಅಪ್ಪ" ಅಂದೆ. ನೋಡು, ಕಾಳು ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ತೀರುತ್ತಾ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಅದರಲ್ಲಿ ಬದುಕುವುದಿಲ್ಲ. ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುವುದಕ್ಕೆ ಅದೂ ಒಂದು ಕಾರಣ. ಹುಳವನ್ನು ಕೊಂದ ಗಾಳಿ ಮನುಷ್ಯನನ್ನು ಬಿಟ್ಟೀತೆ? ಇಂಗಾಲದ ಡೈಆಕ್ಸೈಡ್ ಮಾಮೂಲಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಬಾಯಿ ತೆರೆದ ಕೂಡಲೇ ಎದ್ದು ಹೋಗದೆ ಬಾವಿಯ ನೀರಿನ ಹಾಗೆ ತಳದಲ್ಲೇ ನಿಂತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮದರಲ್ಲಿ ರಾಗಿ ಇಲ್ಲ, ಸರಿ. ತಳದ ಹಳೇ ಹುಲ್ಲು ಇದೆ, ಮಳೆಯ ತೇವ ಇಳಿದಿದೆ, ಬೇರು ನುಗ್ಗಿದೆ. ಅವೆಲ್ಲ ಕೊಳೆಯುತ್ತಾ ಅದೇ ಕೆಲಸ ಮಾಡುತ್ತಿರುತ್ತವೆ. ಖಾಲಿ ಎಂದು ಯಾರೂ ಹೆದರುವುದಿಲ್ಲವಲ್ಲ, ಅದಕ್ಕೇ ನನಗೆ ತುಂಬಿದ್ದಕ್ಕಿಂತ ಖಾಲಿಯದೇ ಹೆಚ್ಚು ದಿಗಿಲು.

ಇರಲಿ, ಜಾನಪದ ಲೋಕದ ವಿಷಯಕ್ಕೆ ಬರುತ್ತೇನೆ. ಹೊಸ ಹೆದ್ದಾರಿಯಲ್ಲೇ ನೆಟ್ಟಗೆ ಹೋದರೆ ರಾಮನಗರ ಊರೇ ಸಿಗುವುದಿಲ್ಲ, ಬೈಪಾಸು ಚನ್ನಪಟ್ಟಣದಾಚೆಗೆ ಒಯ್ಯುತ್ತದೆ. ಮೊದಲೇ ಹಳೇ ಮೈಸೂರು ರಸ್ತೆಗೆ ಇಳಿದುಬಿಡಿ. ಬೆಳಿಗ್ಗೆ ಬೇಗ ಹೊರಡಿ. 15 ಎಕರೆ ಜಾಗ, ಬಿಸಿಲೇರಿದರೆ ಚಿಕ್ಕವಳು ಎತ್ತಿಕೋ ಅನ್ನುತ್ತಾಳೆ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. 1979ರಲ್ಲಿ ಜಾನಪದ ಪರಿಷತ್ತು, 1994ರಲ್ಲಿ ಈ ಲೋಕ ಕಟ್ಟಿದವರು ಅವರೇ. ದೊಡ್ಡ ಹುದ್ದೆಯಲ್ಲಿದ್ದು ಒನಕೆ, ಮೊರಗಳ ಬೆಲೆ ತಿಳಿದವರು ಎಷ್ಟು ಜನ ಇದ್ದಾರು?

ಮಕ್ಕಳು ಮೊದಲು ಓಡುವುದು ಸೋಮನ ಮುಖವಾಡ, ತೊಗಲುಗೊಂಬೆಗಳ ಕಡೆಗೆ. ಓಡಲಿ. ಬೇಸಾಯದ ಸಾಮಾನಿನ ಹತ್ತಿರ ಬೀಜ ಬಿತ್ತುವ ಕೂರಿಗೆ ಕಂಡರೆ ದೊಡ್ಡವನನ್ನು ಹತ್ತು ನಿಮಿಷ ನಿಲ್ಲಿಸು. ಮೇಲಿನ ಮರದ ಬಟ್ಟಲಿಗೆ ಬಿಟ್ಟ ಬೀಜ ತೂತುಗಳಿಂದ ಬಿದಿರ ಕೊಳವೆಗಿಳಿದು, ತಾಳುಗಳು ಗೀರಿದ ಸಾಲಿಗೆ ಬೀಳುವುದನ್ನು ಬೆರಳಿಟ್ಟು ತೋರಿಸು. ನಮ್ಮ ಕಡೆ ರಾಗಿಗೆ 12 ತಾಳಿನ ಕೂರಿಗೆ. ಹಿಂದೆ ಹಗ್ಗದಲ್ಲಿ ಎಳೆಯುವ ಒಂಟಿ ಕೊಳವೆ ಸಡ್ಡೆ. ರಾಗಿಯ ನಡುವೆ ಹಾಕುವ ಅವರೆ, ತೊಗರಿಯ ಅಕ್ಕಡಿ ಸಾಲು ಅದರಲ್ಲಿ. ಬಿತ್ತುವವರ ಕೈ ಒಂದೇ ಸಮ ಆಡಬೇಕು. ಹೆಚ್ಚು ಬಿಟ್ಟರೆ ಪೈರು ಒತ್ತಾಗುತ್ತದೆ, ಕಡಿಮೆ ಬಿಟ್ಟರೆ ಕಳೆ ಮೇಲೇಳುತ್ತದೆ. ಒದ್ದೆ ಮಣ್ಣು ಒಂದು ಕೊಳವೆಯ ಬಾಯಿಗೆ ಮೆತ್ತಿಕೊಂಡರೆ ಬಿತ್ತುವಾಗ ಗೊತ್ತೇ ಆಗುವುದಿಲ್ಲ. ವಾರ ಕಳೆದು ಮೊಳಕೆ ಎದ್ದಾಗ ನೋಡಿದರೆ 11 ಸಾಲು.

ಕಾಳು ಅಳೆಯುವ ಕೊಳಗ, ಬಳ್ಳ, ಸೇರುಗಳನ್ನೂ ತೋರಿಸು. 20 ಕೊಳಗಕ್ಕೆ ಒಂದು ಖಂಡುಗ. ಕೊಳಗದ ಗಾತ್ರ ಮಾತ್ರ ಸೀಮೆಯಿಂದ ಸೀಮೆಗೆ ಬೇರೆ. ಹಗೇವನ್ನೂ ಖಂಡುಗದಲ್ಲೇ ಲೆಕ್ಕ ಹೇಳುತ್ತಿದ್ದರು. ನೀನು ನಿನ್ನೆ "ಎಷ್ಟು ಲೀಟರ್ ಹಿಡಿಯುತ್ತೆ" ಎಂದು ಕೇಳಿದೆಯಲ್ಲ, ಒಳಗೊಳಗೇ ಹೆಮ್ಮೆಯಾಗಿತ್ತು ಕಣಮ್ಮ. ಅದನ್ನು ಹೇಳುವ ಬದಲು ಬೈದೆ.

ಎಂಜಿನಿಯರ್ ನೀನು, ಅದರ ಕಟ್ಟೋಣ ಕೇಳು. ಸುತ್ತಲಿನದಕ್ಕಿಂತ ಎತ್ತರದ, ನೀರು ನಿಲ್ಲದ ಗಟ್ಟಿ ಗರಸು ನೆಲ ಬೇಕು. ಬಾಯಿ ಒಬ್ಬ ಆಳು ಇಳಿಯುವಷ್ಟೇ. ಒಳಗೆ ಗುಡಾಣದ ಹಾಗೆ ಅಗಲ. ಒಳಗೆ ಬೆಂಕಿ ಹಾಕಿ ಗೋಡೆಯ ಹಸಿ ಆರಿಸಿ, ತಳಕ್ಕೂ ಸುತ್ತಲೂ ಒಣಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿ ಸುರಿಯುವುದು. ಮೇಲೆ ಮತ್ತೆ ಹುಲ್ಲು, ಚಪ್ಪಡಿ, ಸಂದಿಗೆಲ್ಲ ಮಣ್ಣು. ಹಸಿ ಆರದ ರಾಗಿ ತುಂಬಿದರೆ ಕಾವು ಏರಿ ಮುಗ್ಗುತ್ತದೆ. ಗೋಡೆಯಲ್ಲಿ ನೀರು ಜಿನುಗಿದರೆ ಅಂಚಿನ ರಾಗಿ ಕಪ್ಪಾಗಿ ಹೆಂಟೆ ಕಟ್ಟುತ್ತದೆ.

ತೆಗೆಯುವುದಕ್ಕೂ ಕ್ರಮವಿದೆ. ಚಪ್ಪಡಿ ಸರಿಸಿದವರು ಬಾಯಿಯ ಮೇಲೆ ಬಗ್ಗಬಾರದು. ಒಂದು ಹಗಲೆಲ್ಲ ತೆರೆದು ಬಿಡಬೇಕು. ಹಗ್ಗಕ್ಕೆ ಸೊಪ್ಪಿನ ಕಂತೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಬೇಕು. ಆಮೇಲೆ ಉರಿಯುವ ಲಾಟೀನು ಇಳಿಬಿಟ್ಟು ನೋಡುವುದು. ಇಲ್ಲಿ ಒಂದು ಮಾತು, ಹಳಬರೂ ತಪ್ಪುವ ಜಾಗ: ದೀಪ ಆರಿದರೆ ಇಳಿಯಲೇಬಾರದು, ಆದರೆ ಉರಿಯಿತೆಂದು ಇಳಿಯಬಹುದು ಎಂದೇನೂ ಅಲ್ಲ. ದೀಪ ಉರಿಯುವ ಗಾಳಿಯಲ್ಲೂ ಮನುಷ್ಯನಿಗೆ ತಲೆ ತಿರುಗುವಷ್ಟು ಇಂಗಾಲದ ಡೈಆಕ್ಸೈಡ್ ಇರಬಹುದು. ಇಳಿಯುವವನ ಸೊಂಟಕ್ಕೆ ಹಗ್ಗ ಬಿಗಿದಿರಬೇಕು. ಕೈಯಲ್ಲಿ ಹಿಡಿದ ಹಗ್ಗ ಎಚ್ಚರ ತಪ್ಪಿದವನಿಗೆ ಯಾವ ಪ್ರಯೋಜನಕ್ಕೆ? ಮೇಲೆ ಎಳೆಯಲು ಇಬ್ಬರಾದರೂ ಬೇಕು. ಒಬ್ಬ ಕುಸಿದನೆಂದು ಇನ್ನೊಬ್ಬ ಹಿಂದೆಯೇ ಇಳಿಯುವುದು, ಅವನೂ ಅಲ್ಲೇ ಉಳಿಯುವುದು. ನಮ್ಮ ಬೆಂಗಳೂರಿನ ಮ್ಯಾನ್‌ಹೋಲ್ ಸಾವುಗಳ ಸುದ್ದಿ ಓದುತ್ತೀಯಲ್ಲ, ಹಾಗೆಯೇ. ಅಂಥ ಹೊತ್ತಿನಲ್ಲಿ ಮೊದಲು 112ಕ್ಕೆ ಫೋನ್ ಮಾಡುವುದು, ಇಳಿಯುವುದಲ್ಲ.

ಅಳಿಯಂದಿರು ಇಳಿಯುವುದಿಲ್ಲ ಎನ್ನುತ್ತೀ. ನಂಬುತ್ತೇನೆ. ಆದರೆ ಚಿಕ್ಕವಳ ಕೈಯಲ್ಲಿ ಸದಾ ಒಂದು ಚೆಂಡೋ ಬೊಂಬೆಯೋ ಇರುತ್ತದೆ. ಅದು ಒಳಗೆ ಬಿದ್ದರೆ? ಬಾಯಂಚಿನ ಮಣ್ಣು ಸಡಿಲವಾಗಿದೆ, ದೊಡ್ಡವನು ಇಣುಕಲು ಹೋಗಿ ಜಾರಿದರೆ? ಆಗ ಲಾಟೀನು, ಹಗ್ಗ, ಈ ಕಾಗದ, ಯಾವುದೂ ನಿಮಗೆ ನೆನಪಿರುವುದಿಲ್ಲ. ನೀನೇ ಮೊದಲು ಇಳಿಯುತ್ತೀ. ನನಗೆ ಗೊತ್ತು. ನಾನಾದರೂ ಇಳಿಯುತ್ತೇನೆ.

ಕಾಗದ ಪಾಠವಾಯಿತು, ಗೊತ್ತಾಗುತ್ತಿದೆ. "ನೀವು ಬಂದರೆ ಮ್ಯೂಸಿಯಂ ಸ್ಕೂಲಾಗುತ್ತೆ" ಎಂದು ನೀನು ಅಂದದ್ದು ಸುಳ್ಳಲ್ಲ. ಈ ಸಲ ನಾನು ಬರುವುದಿಲ್ಲ, ನೀವೇ ನೋಡಿ ಬನ್ನಿ. ಹಗೇವು ನೋಡಲೇಬೇಕೆಂದು ಮಕ್ಕಳು ಹಟ ಹಿಡಿದರೆ ಯುಗಾದಿಗೆ ಎಲ್ಲರೂ ಹೋಗೋಣ. ಹಿಂದಿನ ದಿನವೇ ನಾನು ಹೋಗಿ ತೆರೆಸಿ, ಸುತ್ತ ಬೇಲಿ ಕಟ್ಟಿಸಿರುತ್ತೇನೆ. ಉದ್ದನೆಯ ಗಳಕ್ಕೆ ಮೊಬೈಲ್ ಕಟ್ಟಿ, ಲೈಟು ಹಾಕಿ, ವಿಡಿಯೋ ಮಾಡಲು ಬಿಟ್ಟು ಒಳಗೆ ಇಳಿಸೋಣ. ಹೊರಗೆ ಕೂತು ತಳದವರೆಗೂ ನೋಡಬಹುದು. ಮೊಬೈಲ್ ನನ್ನದೇ ಇರಲಿ, ಹಳೆಯದು.

ಊರ ಮನೆಯ ಬೀಗದ ಕೈಯನ್ನು ಕವರಿನಲ್ಲಿ ಇಟ್ಟಿದ್ದೇನೆ. ಚಪ್ಪಡಿ ಎತ್ತುವ ಹಾರೆ ಹುಡುಕಬೇಡ. ಹೋದ ತಿಂಗಳು ಊರಿಗೆ ಹೋದಾಗಲೇ ತಂದುಬಿಟ್ಟಿದ್ದೇನೆ, ಇಲ್ಲೇ ನನ್ನ ಮಂಚದ ಕೆಳಗಿದೆ.

ನಿನ್ನ
ಅಪ್ಪ