ಬಿ2 ಪರೀಕ್ಷೆಯ ಓದಿಗೆ ಜೊತೆಯಾದ ಎಲ್ಲರಿಗೂ

ಕೇಂಬ್ರಿಡ್ಜ್‌ನ ಇಂಗ್ಲಿಷ್ ಪರೀಕ್ಷೆಗಳಲ್ಲೊಂದಾದ ಬಿ2 ಫಸ್ಟ್‌ನಲ್ಲಿ ನಾನು ಉತ್ತೀರ್ಣಳಾದ ಸುದ್ದಿ ತಿಳಿದು ಹಾರೈಸಿದ ಎಲ್ಲರಿಗೂ ವಂದನೆಗಳು. ಒಬ್ಬೊಬ್ಬರಿಗೂ ಒಂದೊಂದು ಸಾಲು ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. ಪ್ರಮಾಣಪತ್ರದಲ್ಲಿ ನನ್ನೊಬ್ಬಳ ಹೆಸರಿದ್ದರೂ ಈ ಓದಿನಲ್ಲಿ ದಾವಣಗೆರೆಯ ಹಲವು ಮನೆಗಳ ಪಾಲಿದೆ. ಆ ಪಾಲು ಯಾರದು, ಎಷ್ಟು ಎಂಬುದನ್ನು ಎಲ್ಲರೆದುರು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. 2019–20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ತರಗತಿಗಳು ಆರಂಭವಾದವು. ಆಮೇಲೆ ಅಂಥದೇ ತರಗತಿ ನಮ್ಮ ಶಾಲೆಗೂ ಬಂತು. ಪಠ್ಯಪುಸ್ತಕದಲ್ಲಿ ಅಚ್ಚಾದ ಇಂಗ್ಲಿಷ್ ವಾಕ್ಯವನ್ನು ಓದಿ ಹೇಳುವುದಕ್ಕೆ ನನಗೆ ಅಡ್ಡಿಯಿರಲಿಲ್ಲ. ಆದರೆ ಕೊಡದ ಹೊರಮೈಯಲ್ಲಿ ನೀರು ಹೇಗೆ ಬಂತು ಎಂದು ಮಗುವೊಂದು ಕೇಳಿದಾಗ, ಅದಕ್ಕೆ ಅರ್ಥವಾಗುವ ಹಾಗೆ ನನ್ನದೇ ವಾಕ್ಯಗಳಲ್ಲಿ ವಿವರಿಸಲು ಪುಸ್ತಕದ ಇಂಗ್ಲಿಷ್ ಸಾಲದು. ಈ ಪರೀಕ್ಷೆ ಬರೆಯಿರಿ ಎಂದು ನನಗೆ ಯಾರೂ ಆದೇಶ ಕೊಟ್ಟಿರಲಿಲ್ಲ. ಭಾಷೆ ಎಷ್ಟು ಬರುತ್ತದೆ ಎಂಬುದನ್ನು ಅಳೆಯುವ ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ಬಿ2 ನಾಲ್ಕನೆಯದು. ಸಿದ್ಧ ಉತ್ತರಗಳ ಆಸರೆಯಿಲ್ಲದೆ ಭಾಷೆಯನ್ನು ಬಳಸಬಲ್ಲವರ ಹಂತ. ಮಕ್ಕಳ ಮುಂದೆ ನಿಲ್ಲುವವಳಿಗೆ ಅಷ್ಟಾದರೂ ಬೇಕು ಎಂದು ನಾನೇ ನಿರ್ಧರಿಸಿದೆ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದು ಬಂದಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಟಿಪ್ಪಣಿಗಳನ್ನೆಲ್ಲ ನನ್ನ ಕೈಗಿತ್ತು ಆ ನಿರ್ಧಾರಕ್ಕೆ ಬಲ ಕೊಟ್ಟರು. ಅವರಿಗೆ ನನ್ನ ಮೊದಲ ನಮಸ್ಕಾರ.

ವಿದ್ಯಾನಗರದಲ್ಲಿರುವ ನಿವೃತ್ತ ಇಂಗ್ಲಿಷ್ ಉಪನ್ಯಾಸಕರನ್ನು ನಾನು ಮೇಷ್ಟ್ರು ಎಂದೇ ಕರೆಯುವುದು. ಪರೀಕ್ಷೆಯ ಓದು ಮತ್ತು ಭಾಷಾಬಳಕೆಯ ಪತ್ರಿಕೆಗೆ ನನ್ನನ್ನು ಸಿದ್ಧಪಡಿಸಿದ್ದು ಅವರೇ. ಆ ಪತ್ರಿಕೆಗೆ 75 ನಿಮಿಷ, ಏಳು ಭಾಗ, 52 ಪ್ರಶ್ನೆ. ಅದರಲ್ಲಿ ನನ್ನನ್ನು ಬಹಳ ಕಾಡಿದ್ದು ನಾಲ್ಕನೆಯ ಭಾಗ. ಅಲ್ಲಿ ಒಂದು ವಾಕ್ಯ ಕೊಟ್ಟು, ಅದೇ ಅರ್ಥದ ಇನ್ನೊಂದು ವಾಕ್ಯದ ಖಾಲಿ ಜಾಗವನ್ನು ಎರಡರಿಂದ ಐದು ಪದಗಳಲ್ಲಿ ತುಂಬಲು ಹೇಳುತ್ತಾರೆ. ಅವರು ಕೊಟ್ಟ ಪದವೊಂದು ಅದರಲ್ಲಿ ಬಂದೇ ತೀರಬೇಕು, ಅದರ ರೂಪವನ್ನು ಬದಲಿಸುವಂತಿಲ್ಲ. ‘ದ ಲಾಸ್ಟ್ ಟೈಮ್ ಐ ಸಾ ಹಿಮ್ ವಾಸ್ ಟೂ ಇಯರ್ಸ್ ಅಗೋ’ ಎಂಬ ವಾಕ್ಯಕ್ಕೆ ‘ಸೀನ್’ ಎಂಬ ಪದ ಕೊಟ್ಟರೆ, ‘ಐ’ ಮತ್ತು ‘ಟೂ ಇಯರ್ಸ್’ಗಳ ನಡುವೆ ‘ಹ್ಯಾವ್ ನಾಟ್ ಸೀನ್ ಹಿಮ್ ಫಾರ್’ ಎಂಬ ಐದು ಪದಗಳು ಕೂರಬೇಕು. ‘ಹ್ಯಾವೆಂಟ್’ ಎಂದು ಕೂಡಿಸಿ ಬರೆದರೂ ಎರಡು ಪದವೆಂದೇ ಲೆಕ್ಕ. ಮೇಷ್ಟ್ರು ಇದನ್ನು ನಿಯಮಗಳ ಪಟ್ಟಿಯಾಗಿ ಕಲಿಸಲಿಲ್ಲ. ಆ ದಿನ ಶಾಲೆಯಲ್ಲಿ ನಡೆದ ನಾಲ್ಕು ಸಂಗತಿಗಳನ್ನು ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದರು. ಬಿಸಿಯೂಟದ ಅಕ್ಕಿ ತಡವಾಗಿ ಬಂದದ್ದು, ಮಳೆಯಿಂದ ಆಟದ ಪೀರಿಯಡ್ ನಿಂತದ್ದು, ಹೀಗೆ. ಅನಂತರ ಅದೇ ಸಂಗತಿಯನ್ನು ಬೇರೆ ಪದದಿಂದ ಶುರುಮಾಡಿ ಹೇಳಮ್ಮ ಎನ್ನುತ್ತಿದ್ದರು. ಶುಲ್ಕದ ಮಾತೆತ್ತಿದರೆ ಚಹಾ ಮುಂದಿಟ್ಟು ಮುಂದಿನ ವಾಕ್ಯ ಕೇಳುತ್ತಿದ್ದರು.

ಬರವಣಿಗೆಯ ಪತ್ರಿಕೆಯಲ್ಲಿಯೂ ಅವರದೇ ಕೈ. 80 ನಿಮಿಷದಲ್ಲಿ 140ರಿಂದ 190 ಪದಗಳ ಎರಡು ಬರಹಗಳು. ಮೊದಲನೆಯದಾದ ಪ್ರಬಂಧ ಎಲ್ಲರಿಗೂ ಕಡ್ಡಾಯ, ಅದರಲ್ಲಿ ಪ್ರಶ್ನೆಯಲ್ಲೇ ಕೊಟ್ಟ ಎರಡು ಅಂಶಗಳ ಜೊತೆಗೆ ನಮ್ಮದೇ ಮೂರನೆಯದೊಂದನ್ನು ಸೇರಿಸಬೇಕು. ಮೇಷ್ಟ್ರು ತಿದ್ದುವಾಗ ತಪ್ಪಿನ ಮೇಲೆ ಗೀಟು ಎಳೆಯದೆ, ಆ ಸಾಲಿನ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಚುಕ್ಕಿ ಇಟ್ಟು ಹಾಳೆಯನ್ನು ಹಿಂತಿರುಗಿಸುತ್ತಿದ್ದರು. ತಪ್ಪು ಯಾವುದೆಂದು ಹುಡುಕುವುದು ನನ್ನ ಪಾಲಿನ ಕೆಲಸವಾಗಿತ್ತು. ಈಗ ಮಕ್ಕಳ ಕಾಪಿಗಳನ್ನು ನಾನೂ ಹಾಗೆಯೇ ತಿದ್ದುತ್ತೇನೆ.

ಆಲಿಸುವ ಪತ್ರಿಕೆಯ ಅಭ್ಯಾಸ ಸುಮಾರು 40 ನಿಮಿಷದ್ದು. ಅಷ್ಟು ಹೊತ್ತೂ ಟಿವಿ ಹಾಕದೆ, ಕುಕ್ಕರ್ ಇಡದೆ ಮನೆಯನ್ನು ನಿಶ್ಶಬ್ದವಾಗಿಟ್ಟ ನನ್ನ ಓರಗಿತ್ತಿಗೆ ಋಣಿಯಾಗಿದ್ದೇನೆ.

ಮಾತಿನ ಪರೀಕ್ಷೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅದನ್ನು ಒಬ್ಬರೇ ಕೂತು ಓದುವಂತಿಲ್ಲ. ಇಬ್ಬರು ಅಭ್ಯರ್ಥಿಗಳು ಒಟ್ಟಿಗೆ ಒಳಗೆ ಹೋಗುತ್ತಾರೆ. ಪರೀಕ್ಷಕರೂ ಇಬ್ಬರು, ಒಬ್ಬರು ಮಾತನಾಡಿಸುತ್ತಾರೆ, ಇನ್ನೊಬ್ಬರು ಸುಮ್ಮನೆ ಕೇಳಿ ಅಂಕ ಹಾಕುತ್ತಾರೆ. ಒಟ್ಟು ಅವಧಿ 14 ನಿಮಿಷ. ಇದೇ ಪರೀಕ್ಷೆಗೆ ಸಿದ್ಧಳಾಗುತ್ತಿದ್ದ ಪಕ್ಕದ ಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿನಿ, ನನ್ನನ್ನು ಅಕ್ಕಾ ಎಂದು ಕರೆಯುವ ಹುಡುಗಿ, ನನ್ನ ಜೋಡಿಯಾದಳು. ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುತ್ತಾ ನಾವು ಮೂರನೆಯ ಭಾಗವನ್ನು ಅಭ್ಯಾಸ ಮಾಡುತ್ತಿದ್ದೆವು: ಎರಡು ನಿಮಿಷ ಒಂದು ವಿಷಯದ ಚರ್ಚೆ, ಆಮೇಲೆ ಒಂದು ನಿಮಿಷದಲ್ಲಿ ತೀರ್ಮಾನಕ್ಕೆ ಬರುವ ಯತ್ನ. ಕೇಳಿದ್ದಕ್ಕೆ ಉತ್ತರ ಹೇಳುವುದನ್ನು ನಮ್ಮ ಶಾಲೆಗಳು ಚೆನ್ನಾಗಿ ಕಲಿಸುತ್ತವೆ, ಇನ್ನೊಬ್ಬರ ಮಾತನ್ನು ಹಿಡಿದು ಮುಂದಕ್ಕೆ ಒಯ್ಯುವುದನ್ನು ಅಷ್ಟಾಗಿ ಕಲಿಸುವುದಿಲ್ಲ ಎಂದು ನನಗೆ ಬಲವಾಗಿ ಅನ್ನಿಸಿದ್ದು ಆಗಲೇ. ನಾನು ನನ್ನ ವಾಕ್ಯ ಮುಗಿಸಿ ಸುಮ್ಮನಾದರೆ ಆ ಹುಡುಗಿ ಬಿಡುತ್ತಿರಲಿಲ್ಲ. ಅಕ್ಕಾ, ನಾನು ಹೇಳಿದ್ದನ್ನು ಒಪ್ಪುತ್ತೀರೋ ಇಲ್ಲವೋ ಹೇಳಿ, ಆಮೇಲೆ ನನ್ನನ್ನು ಕೇಳಿ ಎನ್ನುತ್ತಿದ್ದಳು.

ಸಂಜೆ ಎರಡು ಚಿತ್ರಗಳನ್ನು ಹೋಲಿಸಿ ಒಂದು ನಿಮಿಷ ಮಾತನಾಡುವ ಭಾಗಕ್ಕೆ ಮದುವೆ ಆಲ್ಬಮ್ಮಿನ ಫೋಟೊಗಳೇ ಸಾಮಗ್ರಿ, ನಮ್ಮ ಅತ್ತೆಯವರೇ ಪರೀಕ್ಷಕರು. ಮೊಬೈಲಿನಲ್ಲಿ ಸಮಯ ಹಿಡಿದು ಕೂತಿರುತ್ತಿದ್ದ ಅವರಿಗೆ ಇಂಗ್ಲಿಷ್ ಬಾರದು. ಆದರೆ ನನ್ನ ಮಾತು ಎಲ್ಲಿ ತಡವರಿಸಿತು ಎಂಬುದು ಅವರಿಗೆ ತಪ್ಪದೆ ತಿಳಿಯುತ್ತಿತ್ತು. “ಯಾಕವ್ವ ನಡುವೆ ನಿಂತಿ, ಮಾತು ಸಿಗಲಿಲ್ಲೇನು?” ಎಂದು ಅವರು ಕೇಳಿದ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು ಮರುದಿನ ಮೇಷ್ಟ್ರ ಮುಂದಿಡುತ್ತಿದ್ದೆ. ಬೆಂಗಳೂರಿನ ಪರೀಕ್ಷಾ ಕೊಠಡಿಯಲ್ಲಿ ಅಪರಿಚಿತ ಯುವಕನೊಬ್ಬನ ಪಕ್ಕದಲ್ಲಿ ಕೂತು ನಾನು ನಿಲ್ಲದೆ ಮಾತನಾಡಿದ್ದೇನಾದರೆ ಅದು ಅತ್ತೆಯವರ ಕಿವಿಯ ಪುಣ್ಯ.

ರಜೆಯ ಅರ್ಜಿಗೆ ಮರುಮಾತಿಲ್ಲದೆ ಸಹಿ ಹಾಕಿದ ಮುಖ್ಯೋಪಾಧ್ಯಾಯರಿಗೆ, ಪರೀಕ್ಷೆಯ ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಇಳಿದುಕೊಳ್ಳಲು ಜಾಗ ಕೊಟ್ಟು ಬೆಳಗಿನ ಉಪ್ಪಿಟ್ಟು ತಿನ್ನಿಸಿ ಕಳಿಸಿದ ಚಿಕ್ಕಮ್ಮನಿಗೆ, ರೈಲಿನಲ್ಲಿ ಜೊತೆಗೆ ಬಂದು ಹೊರಗೆ ಕಾದ ನಮ್ಮ ಮನೆಯವರಿಗೆ ನನ್ನ ಕೃತಜ್ಞತೆಗಳು. ಈ ಪರೀಕ್ಷೆಯಲ್ಲಿ 160 ಅಂಕಕ್ಕೆ ಬಿ2 ಹಂತ ಸಿಗುತ್ತದೆ, 173ರಿಂದ ಗ್ರೇಡ್ ಬಿ. ನನಗೆ ಬಂದಿರುವುದು ಗ್ರೇಡ್ ಬಿ.

ಅಭ್ಯಾಸದ ಪುಸ್ತಕಗಳನ್ನೂ ಮೇಷ್ಟ್ರ ಚುಕ್ಕಿಗಳಿರುವ ನನ್ನ ಹಾಳೆಗಳನ್ನೂ ನಮ್ಮ ಶಾಲೆಯ ಕೊಠಡಿಯ ಬೀರುವಿನಲ್ಲಿ ಇಟ್ಟಿದ್ದೇನೆ. ತಾಲ್ಲೂಕಿನ ಶಿಕ್ಷಕ ಬಂಧುಗಳು ಯಾರಾದರೂ ಈ ಪರೀಕ್ಷೆಗೆ ಸಿದ್ಧರಾಗುವುದಾದರೆ ಅವನ್ನು ಒಯ್ಯಬಹುದು. ಮಾತಿನ ಭಾಗಕ್ಕೆ ಜೋಡಿ ಸಿಗದಿದ್ದರೆ ದಯವಿಟ್ಟು ನನಗೆ ಹೇಳಿ ಕಳಿಸಿ. ಭಾನುವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ, ಸಮಯ ಹಿಡಿಯಲು ಅತ್ತೆಯವರೂ ಒಪ್ಪಿದ್ದಾರೆ.