ಚೀಟಿಯಲ್ಲಿ ಇದ್ದದ್ದು ಪೊಟ್ಯಾಸಿಯಂ

ಮಾನ್ಯ ಸಂಪಾದಕರೇ,

ನನ್ನ ತಮ್ಮ ವೆಲ್ಡರ್. ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆ ಕೆಲಸ ಮುಗಿಸಿ ಊರಿಗೆ ಬಂದಿದ್ದಾನೆ. ಹೋದ ತಿಂಗಳು ಹೆಣ್ಣಿನ ಕಡೆಯವರು ಮನೆಗೆ ಬಂದಿದ್ದರು. ಸೂಸಲ, ಮಿರ್ಚಿ, ಚಹಾ ಎಲ್ಲ ಆಯ್ತು. ಏನೂ ಮುಚ್ಚಿಡಬಾರದು ಅಂತ ಈ ಪುಣ್ಯಾತ್ಮ ತನ್ನ ಮೈ ತಪಾಸಣೆಯ ಚೀಟಿ ತೆಗೆದು ತೋರಿಸಿದ. ಪೊಟ್ಯಾಸಿಯಂ-40, 4,600 ಬೆಕೆರೆಲ್ ಅಂತಿತ್ತು. ಬೆಕೆರೆಲ್ ಅಂದರೆ ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತವೆ ಎಂಬ ಲೆಕ್ಕ. ‘ಅಂದ್ರ ಮೈಯಾಗ ವಿಕಿರಣ ಐತಿ ಅಂದಂಗಾತು’ ಎಂದರು ಹುಡುಗಿಯ ಸೋದರಮಾವ. ವಾರದ ಮೇಲೆ ಫೋನ್ ಬಂತು. ಜಾತಕ ಕೂಡಲಿಲ್ಲವಂತೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅವತ್ತು ಹಿರಿಯರ ಎದುರು ಬಾಯಿ ಬಿಡಲಿಲ್ಲ, ಈಗ ಹೇಳುತ್ತೇನೆ. ಆ ತಪಾಸಣೆಯಲ್ಲಿ ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ, ಮಂಚದ ಮೇಲೆ ಅಲುಗಾಡದೆ ಮಲಗಿಸಿ ಮೈಯಿಂದ ಬರುವ ಗಾಮಾ ಕಿರಣ ಎಣಿಸುತ್ತಾರೆ. ಯಂತ್ರದ ನಕ್ಷೆಯಲ್ಲಿ 1,460 ಕೆಇವಿ (ಕಿರಣದ ಶಕ್ತಿಯ ಅಳತೆ) ಹತ್ತಿರ ಒಂದು ಗೆರೆ ಏಳುತ್ತದೆ. ಅದೇ ಪೊಟ್ಯಾಸಿಯಂ-40, ಎಲ್ಲ ಪೊಟ್ಯಾಸಿಯಂನಲ್ಲೂ ಸಹಜವಾಗಿಯೇ ಚೂರು ಇರುವ ವಿಕಿರಣಶೀಲ ಬಗೆ. ಜೋಳ, ಬೇಳೆ, ಎಳನೀರಿನಿಂದ ಬಂದದ್ದು. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ಒಡೆಯುತ್ತವೆ. ದೊಡ್ಡವರ ಮೈಯಲ್ಲಿ ಸುಮಾರು 140 ಗ್ರಾಂ ಇರುತ್ತದೆ, ಲೆಕ್ಕ ನೀವೇ ಹಾಕಿ. ಮಾಂಸಖಂಡ ಜಾಸ್ತಿ ಇದ್ದವರಿಗೆ ಸ್ವಲ್ಪ ಜಾಸ್ತಿ. ನನ್ನ ತಮ್ಮ ಗರಡಿ ಹುಡುಗ. ಕೆಲಸಕ್ಕೆ ಸೇರಿದ ದಿನದ ಚೀಟಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು, ಅದನ್ನು ಯಾರೂ ಕೇಳಲಿಲ್ಲ! ಹೆಚ್ಚು ತಿಂದರೆ ಹೆಚ್ಚಾಗುವುದೂ ಇಲ್ಲ, ಮಿಕ್ಕಿದ್ದನ್ನು ಕಿಡ್ನಿ ಹೊರಗೆ ಹಾಕುತ್ತದೆ.

ಅಂದಹಾಗೆ, ಸೋದರಮಾವನವರು ಕೂತು ಚಹಾ ಕುಡಿದದ್ದು ನಮ್ಮ ಇಳಕಲ್ ಕೆಂಪು ಕಲ್ಲಿನ ಕಟ್ಟೆಯ ಮೇಲೆ. ಆ ಕಲ್ಲಿನಲ್ಲೂ ಪೊಟ್ಯಾಸಿಯಂ ಇದೆ, ಜೊತೆಗೆ ಚೂರು ಯುರೇನಿಯಂ, ಥೋರಿಯಂ. ಕಟ್ಟೆಗೆ ಹೆದರಬೇಕಿಲ್ಲ. ನನಗೆ ಚಿಂತೆ ಇರುವುದು ಆ ಜಾತಿಯ ಕಲ್ಲು ಕೊರೆದು ಮೇಲೆತ್ತುವ ಬೋರಿನ ನೀರಿನದು. ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಮೊದಲು ಕಾಡುವುದು ಕಿಡ್ನಿಯನ್ನು, ವಿಕಿರಣಕ್ಕಿಂತ ವಿಷದ ಹಾಗೆ. ಆ ಮಂಚದ ಮೇಲೆ ಮಲಗಿದರೆ ಇಷ್ಟು ಕಡಿಮೆ ಯುರೇನಿಯಂ ಸಿಗುವುದಿಲ್ಲ, ಮೂತ್ರದಲ್ಲಿ ನೋಡಬೇಕು. ಅದಕ್ಕಿಂತ ಮುಂಚೆ ನೀರಲ್ಲೇ ನೋಡುವುದು ಸುಲಭ ಅಲ್ವಾ? ನಮ್ಮ ಕಡೆ ನೀರಿಗೆ ಫ್ಲೋರೈಡ್ ಪರೀಕ್ಷೆ ಮಾಡುತ್ತಾರೆ. ಅದರ ಜೊತೆ ಇದನ್ನೂ ಮಾಡಲಿ.

ನಮ್ಮ ಓಣಿಯ ಬೋರಿನ ನೀರು ಎರಡು ಲೀಟರ್ ತುಂಬಿಟ್ಟಿದ್ದೇನೆ. ಯಾವ ಕಚೇರಿಗೆ, ಯಾವ ದಿನ ಒಯ್ಯಬೇಕೆಂದು ಸಂಬಂಧಪಟ್ಟವರು ನಿಮ್ಮ ಪತ್ರಿಕೆಯಲ್ಲೇ ತಿಳಿಸಲಿ.

– ಒಬ್ಬ ಅಕ್ಕ, ಇಳಕಲ್, ಬಾಗಲಕೋಟೆ ಜಿಲ್ಲೆ